ಬಾಣಂತನದ ಐದನೇ ದಿನ ಬಂದ ಫಿಟ್ಸ್

ಪ್ರಶ್ನೆ: ಡಾಕ್ಟರ್ ಅವರೇ, ನಮ್ಮದು ಶ್ರೀನಿವಾಸಪುರ ತಾಲ್ಲೂಕು. ನನ್ನ ತಂಗಿಗೆ 22 ವರ್ಷ, ಚೊಚ್ಚಲ ಹೆರಿಗೆ. ಒಂಬತ್ತನೇ ತಿಂಗಳಲ್ಲಿ ಒಂದು ಸಲ ಬಿಪಿ 140/90 ಇದೆ ಎಂದಿದ್ದರು. ಕಾಲೂ ಊದಿತ್ತು. ಹೆರಿಗೆ ನಾರ್ಮಲ್ ಆಯಿತು, ಮಗು ಚೆನ್ನಾಗಿದೆ. ಈಗ ಬಿಪಿ ಸರಿ ಇದೆ ಎಂದು ಮೂರನೇ ದಿನ ಮನೆಗೆ ಕಳಿಸಿದರು. ನಾಲ್ಕನೇ ದಿನ ತಲೆನೋವು ಎಂದಳು. ತಣ್ಣೀರು ಮುಟ್ಟಿದ್ದಕ್ಕೆ ಶೀತ ಆಗಿದೆ ಎಂದು ಅಮ್ಮ ತಲೆಗೆ ಬಟ್ಟೆ ಕಟ್ಟಿ, ಮೆಡಿಕಲ್ ಸ್ಟೋರಿನಿಂದ ಶೀತದ ಮಾತ್ರೆ ತರಿಸಿ ಕೊಟ್ಟರು. ಐದನೇ ದಿನ ಬೆಳಗ್ಗೆ ಕಣ್ಣು ಮಂಜಾಗ್ತಿದೆ ಎಂದಳು. ಅರ್ಧ ಗಂಟೆಯಲ್ಲಿ ಫಿಟ್ಸ್ ಬಂತು. 108ರಲ್ಲಿ ಹೋಗುವಾಗ ಇನ್ನೊಂದು ಸಲ ಬಂತು. ಆಗ ಬಿಪಿ 170/110 ಇತ್ತಂತೆ. ಸೊಂಟದ ಎರಡೂ ಕಡೆ ದೊಡ್ಡ ಇಂಜೆಕ್ಷನ್ ಕೊಟ್ಟು ಕೋಲಾರಕ್ಕೆ ಕಳಿಸಿದರು. ಅಲ್ಲಿ ಒಂದು ದಿನ ಪೂರ್ತಿ ಅವಳಿಗೆ ಕಣ್ಣೇ ಕಾಣಲಿಲ್ಲ. ಎಂಆರ್‌ಐ ರಿಪೋರ್ಟಿನಲ್ಲಿ ‘ಪ್ರೆಸ್’ ಎಂದಿದೆ, ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಇಲ್ಲ ಎಂದೂ ಇದೆ. ಈಗ ಐದು ವಾರ ಆಯಿತು. ಕಣ್ಣು ಸರಿಯಾಗಿದೆ, ಓಡಾಡುತ್ತಿದ್ದಾಳೆ. ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ ಎರಡೂ ನಡೆಯುತ್ತಿವೆ. ಊರಲ್ಲಿ ಇದನ್ನು ಬಾಣಂತಿ ಸನ್ನಿ ಅಂತಾರೆ. ಅವಳ ಅತ್ತೆ ಮನೆಯವರು ‘ಫಿಟ್ಸ್ ಇರೋದನ್ನ ಮುಚ್ಚಿಟ್ಟು ಮದುವೆ ಮಾಡಿದ್ರಿ’ ಅಂತಿದ್ದಾರೆ. ಅವಳಿಗೆ ನಿಜವಾಗಿ ಏನಾಗಿತ್ತು? ಮೆದುಳಿಗೆ ಏನಾದರೂ ಆಗಿದೆಯಾ? ಜೀವನ ಪೂರ್ತಿ ಮಾತ್ರೆ ನುಂಗಬೇಕಾ? ಇನ್ನೊಂದು ಮಗು ಮಾಡಿಕೊಳ್ಳಬಹುದಾ? ನನಗೂ ನಾಲ್ಕು ವರ್ಷದ ಮಗ ಇದ್ದಾನೆ, ಎರಡನೆಯದಕ್ಕೆ ಯೋಚನೆ ಮಾಡುತ್ತಿದ್ದೆವು, ಈಗ ಭಯ ಆಗುತ್ತಿದೆ.

ಉತ್ತರ: ನೋಡಮ್ಮಾ, ಮೊದಲು ನಿಮ್ಮ ತಂಗಿಯ ಅತ್ತೆ ಮನೆಯವರಿಗೆ ಉತ್ತರ ಕೊಟ್ಟುಬಿಡುತ್ತೇನೆ. ಇದನ್ನು ಅವರಿಗೂ ಓದಿ ಹೇಳಿ.

ನೀವು ಯಾರೂ ಏನನ್ನೂ ಮುಚ್ಚಿಟ್ಟಿಲ್ಲ. ಮದುವೆಯ ದಿನ ಆ ಹುಡುಗಿಗೆ ಈ ಕಾಯಿಲೆ ಇರಲೇ ಇಲ್ಲ. ಇದು ಬಸಿರಿನ ಜೊತೆ ಬರುವ ಕಾಯಿಲೆ. ಹೆಸರು ಎಕ್ಲಾಂಪ್ಸಿಯಾ. ಗ್ರೀಕ್ ಭಾಷೆಯಲ್ಲಿ ಥಟ್ಟನೆ ಹೊಳೆಯುವುದು ಎನ್ನುವ ಅರ್ಥದಿಂದ ಬಂದ ಮಾತು. ಸಿಡಿಲು ಬಡಿದ ಹಾಗೆ ಬರುತ್ತದಲ್ಲ, ಅದಕ್ಕೇ ಇರಬೇಕು. ಮೂರ್ಛೆರೋಗ ಬೇರೆ. ಅದರಲ್ಲಿ ಕಣ್ಣಿಗೆ ಕಾಣುವ ಕಾರಣ ಇಲ್ಲದೆ ಮತ್ತೆ ಮತ್ತೆ ಫಿಟ್ಸ್ ಬರುತ್ತದೆ. ನಿಮ್ಮ ತಂಗಿಗೆ ಒಂದು ಕಾರಣ ಇತ್ತು, ಆ ಕಾರಣ ತಗ್ಗಿದ ಮೇಲೆ ಫಿಟ್ಸ್ ನಿಂತಿತು. ‘ಫಿಟ್ಸ್ ಇರೋ ಹುಡುಗಿ’ ಎಂಬ ಹಣೆಪಟ್ಟಿ ಹಚ್ಚಿ ತವರಿಗೆ ವಾಪಸ್ ಕಳಿಸಿದ ಬಾಣಂತಿಯರನ್ನು ನಾನು ಈ ಜಿಲ್ಲೆಯಲ್ಲಿ ನೋಡಿದ್ದೇನೆ. ಸಾವಿನ ಬಾಯಿಂದ ಎದ್ದು ಬಂದವಳಿಗೆ ಆ ಮಾತು ಇನ್ನೊಂದು ಪೆಟ್ಟು. ಮೂರ್ಛೆರೋಗವೇ ಇದ್ದಿದ್ದರೂ ಅದು ಅವಳ ತಪ್ಪಾಗುತ್ತಿರಲಿಲ್ಲ, ಆ ಮಾತು ಬೇರೆ.

ಇನ್ನು ಏನಾಯಿತು ಎಂಬುದಕ್ಕೆ ಬರೋಣ.

ಬಸಿರಿನಲ್ಲಿ 20 ವಾರ ಆದ ಮೇಲೆ ಬಿಪಿ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದು, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಇಲ್ಲವೇ ಲಿವರ್, ಕಿಡ್ನಿ, ಮೆದುಳು, ರಕ್ತ ಇವುಗಳಲ್ಲಿ ಏನಾದರೂ ಏರುಪೇರಾಗಿದ್ದರೆ ಅದು ಪ್ರೀಎಕ್ಲಾಂಪ್ಸಿಯಾ. ಇದರ ಬೇರು ಇರುವುದು ಮಾಸಿನಲ್ಲಿ. ಮಾಸಿಗೆ ಹೋಗುವ ರಕ್ತನಾಳಗಳು ಬಸಿರಿನ ಮೊದಲ ತಿಂಗಳುಗಳಲ್ಲಿ ಸರಿಯಾಗಿ ಅಗಲವಾಗದೇ ಇದ್ದರೆ, ಮಾಸಿಗೆ ಸಾಕಷ್ಟು ರಕ್ತ ಸಿಗುವುದಿಲ್ಲ. ಆಗ ಅದು ತಾಯಿಯ ರಕ್ತಕ್ಕೆ ಕೆಲವು ವಸ್ತುಗಳನ್ನು ಬಿಡುತ್ತದೆ. ಅವು ತಾಯಿಯ ಮೈಯಲ್ಲಿರುವ ರಕ್ತನಾಳಗಳ ಒಳಗಿನ ತೆಳು ಪದರವನ್ನು ಕೆಡಿಸುತ್ತವೆ. ಹಳಬರು ಇದನ್ನು ನಂಜು ಎಂದು ಕರೆದರು. ನನಗೆ ಆ ಮಾತು ಅಷ್ಟೇನೂ ತಪ್ಪಾಗಿ ಕಾಣುವುದಿಲ್ಲ.

ನಮ್ಮ ಕಡೆ ಟೊಮ್ಯಾಟೊ ತೋಟಕ್ಕೆ ಡ್ರಿಪ್ ಹಾಕಿರುತ್ತೇವೆ, ಅಲ್ವಾ? ತ್ರೀಫೇಸ್ ಕರೆಂಟು ಬಂದಾಗ ಮೋಟರ್ ಜೋರಾಗಿ ನೀರು ತಳ್ಳುತ್ತದೆ. ಗೇಟ್‌ವಾಲ್ವ್ ಸ್ವಲ್ಪ ತಿರುಗಿಸಿ ಅದನ್ನು ತಗ್ಗಿಸುತ್ತೇವೆ. ಇಲ್ಲದಿದ್ದರೆ ತೆಳುವಾದ ಪೈಪು ಎಲ್ಲೋ ಒಂದು ಕಡೆ ಒಸರಲು ಶುರುವಾಗುತ್ತದೆ. ಮೆದುಳಿಗೂ ಅಂಥ ವಾಲ್ವ್ ಇದೆ. ಬಿಪಿ ಏರಿದರೆ ಮೆದುಳಿನ ಸಣ್ಣ ರಕ್ತನಾಳಗಳು ತಾವಾಗಿ ಬಿಗಿಯಾಗುತ್ತವೆ, ಇಳಿದರೆ ಸಡಿಲವಾಗುತ್ತವೆ. ಹೀಗಾಗಿ ಒಳಗೆ ಹೋಗುವ ರಕ್ತ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಪ್ರೀಎಕ್ಲಾಂಪ್ಸಿಯಾದಲ್ಲಿ ವಾಲ್ವ್ ಸಡಿಲ, ಪೈಪಿನ ಒಳಪದರವೂ ಸವೆದಿರುತ್ತದೆ. ಹಾಗಾಗಿ ಬೇರೆಯವರ ಮೆದುಳು ತಡೆದುಕೊಳ್ಳುವ ಬಿಪಿಯನ್ನು ಈ ಹೆಣ್ಣುಮಗಳ ಮೆದುಳು ತಡೆಯುವುದಿಲ್ಲ. ರಕ್ತನಾಳದ ಗೋಡೆಯಿಂದ ನೀರು ಒಸರಿ ಮೆದುಳು ಊದುತ್ತದೆ. ಆ ಊತಕ್ಕೆ ಮೆದುಳಿನ ಜೀವಕೋಶಗಳು ಕೆರಳಿದಾಗ ಫಿಟ್ಸ್ ಬರುತ್ತದೆ.

ಇಲ್ಲಿ ಇನ್ನೊಂದು ವಿಷಯ ಇದೆ. 50 ವರ್ಷದ ಗಂಡಸಿಗೆ 150 ಬಿಪಿ ಬಂದರೆ ಅಷ್ಟು ಗಾಬರಿ ಆಗಬೇಕಿಲ್ಲ. 22 ವರ್ಷದ ಹುಡುಗಿಯ ಬಿಪಿ ಮಾಮೂಲಿ ದಿನಗಳಲ್ಲಿ 100/60 ಇದ್ದಿರಬಹುದು. ಅವಳಿಗೆ 140/90 ಎಂದರೆ ದೊಡ್ಡ ಏರಿಕೆ. ಅದಕ್ಕೇ ಬಸುರಿ, ಬಾಣಂತಿಯರ ವಿಚಾರದಲ್ಲಿ ‘ಸ್ವಲ್ಪ ಇದೆ, ಪರವಾಗಿಲ್ಲ’ ಎನ್ನುವ ಮಾತು ಬರಬಾರದು. ಬಿಪಿ ಅಷ್ಟೇನೂ ಏರದೆ ಫಿಟ್ಸ್ ಬಂದವರೂ ಇದ್ದಾರೆ.

ನಿಮ್ಮ ತಂಗಿಗೆ ಒಂದು ದಿನ ಕಣ್ಣು ಕಾಣದೇ ಹೋಗಿದ್ದು ಯಾಕೆ? ಕಣ್ಣಿಗೆ ಏನೂ ಆಗಿರಲಿಲ್ಲ. ಕಣ್ಣು ನೋಡಿದ್ದನ್ನು ಅರ್ಥ ಮಾಡಿಕೊಳ್ಳುವ ಜಾಗ ಮೆದುಳಿನ ಹಿಂಭಾಗದಲ್ಲಿ, ತಲೆಯ ಹಿಂದಿನ ಉಬ್ಬಿನ ಒಳಗಿದೆ. ಮೆದುಳಿನ ಮುಂಭಾಗದ ರಕ್ತನಾಳಗಳನ್ನು ಬಿಗಿಮಾಡುವ ನರಗಳು ಜಾಸ್ತಿ, ಹಿಂಭಾಗದಲ್ಲಿ ಕಡಿಮೆ. ಹಾಗಾಗಿ ಒಸರುವುದು ಹಿಂಭಾಗದಲ್ಲೇ ಮೊದಲು. ಮಂಜು ಕವಿದ ಹಾಗೆ ಆಗುವುದು, ಕಣ್ಣೆದುರು ಮಿಂಚು ಹುಳ ಹಾರಿದ ಹಾಗೆ ಆಗುವುದು, ಪೂರ್ತಿ ಕತ್ತಲೆ ಆಗುವುದು, ಎಲ್ಲಕ್ಕೂ ಇದೇ ಕಾರಣ ಇರಬಹುದು. ಅಂಥವರ ಕಣ್ಣಿಗೆ ಟಾರ್ಚ್ ಬಿಟ್ಟರೆ ಪಾಪೆ ಸರಿಯಾಗಿ ಕಿರಿದಾಗುತ್ತದೆ, ಆದರೂ ಅವರಿಗೆ ಕಾಣುವುದಿಲ್ಲ. ಮನೆಯವರು ಎದೆ ಬಡಿದುಕೊಂಡು ಅಳುತ್ತಿರುತ್ತಾರೆ. ಆ ಹೊತ್ತಿನಲ್ಲಿ ‘ದೃಷ್ಟಿ ಬರುತ್ತಮ್ಮಾ’ ಎಂದು ಹೇಳುವುದು ನನ್ನ ಕೆಲಸದಲ್ಲಿ ಸಿಗುವ ಕೆಲವೇ ಸಂತೋಷಗಳಲ್ಲಿ ಒಂದು. ಸಾಮಾನ್ಯವಾಗಿ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಬಂದೇ ಬರುತ್ತದೆ.

ಎಂಆರ್‌ಐಯಲ್ಲಿ ಬರೆದ ‘ಪ್ರೆಸ್’ ಇದೇ. ಈ ತೊಂದರೆಯನ್ನು ಡಾಕ್ಟರುಗಳು ಗುರುತಿಸಿ ವಿವರಿಸಿದ್ದು 1996ರಲ್ಲಿ, ಈ ಹೆಸರು ಬಂದದ್ದು ಆಮೇಲೆ. ಮೆದುಳಿನ ಹಿಂಭಾಗದಲ್ಲಿ ಆಗುವ, ವಾಪಸ್ ಸರಿಹೋಗಬಲ್ಲ ತೊಂದರೆ ಎಂದು ಅದರ ಅರ್ಥ. ‘ವಾಪಸ್ ಸರಿಹೋಗಬಲ್ಲ’ ಎಂಬುದು ಹೆಸರಿನಲ್ಲೇ ಇದೆ. ಬೇಗ ಬಿಪಿ ಇಳಿಸಿದರೆ ಆ ಊತ ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಇಂಗುತ್ತದೆ. ತಡಮಾಡಿದರೆ ಮಾತ್ರ ಊದಿದ ಜಾಗದಲ್ಲಿ ರಕ್ತ ಸಿಗದೆ ಮೆದುಳು ಸಾಯಬಹುದು, ಇಲ್ಲವೇ ರಕ್ತನಾಳ ಒಡೆಯಬಹುದು. ನಿಮ್ಮ ತಂಗಿಗೆ ಕಣ್ಣು ಬಂದಿದೆ, ಕೈಕಾಲು ಸರಿ ಇದೆ, ಓಡಾಡುತ್ತಿದ್ದಾಳೆ. ಇದೆಲ್ಲ ಒಳ್ಳೆಯ ಗುರುತು. ಇನ್ನೂ ಕೆಲವು ತಿಂಗಳು ಮರೆವು, ಗಮನ ನಿಲ್ಲದಿರುವುದು, ಬೇಗ ಸುಸ್ತಾಗುವುದು ಇರಬಹುದು. ‘ಸೋಮಾರಿ ಆಗಿದ್ದಾಳೆ’ ಎಂದು ಬೈಯಬೇಡಿ.

ಹೆರಿಗೆ ಆಯಿತು, ಮಾಸು ಹೊರಬಿತ್ತು, ಬಿಪಿಯೂ ಇಳಿದಿತ್ತು. ಹಾಗಿದ್ದ ಮೇಲೆ ಐದನೇ ದಿನ ಯಾಕೆ ಬಂತು? ನನಗೆ ಮುಖ್ಯವಾಗಿ ಹೇಳಬೇಕಿರುವುದು ಇದನ್ನೇ.

ಹೆರಿಗೆ ಆದರೆ ಬಿಪಿ ಹೋಯಿತು ಎಂದು ಊರಲ್ಲೂ ನಂಬುತ್ತಾರೆ, ಆಸ್ಪತ್ರೆಗಳಲ್ಲೂ ಎಷ್ಟೋ ಸಲ ಹಾಗೇ ಹೇಳಿ ಕಳಿಸುತ್ತಾರೆ. ಅರ್ಧ ಮಾತ್ರ ನಿಜ. ಮಾಸು ಹೊರಬಿದ್ದ ಮೇಲೆ ಕಾಯಿಲೆಯ ಬೇರು ಹೋಯಿತು, ಸರಿ. ಆದರೆ ಸವೆದ ರಕ್ತನಾಳದ ಒಳಪದರ ಒಂದೇ ದಿನಕ್ಕೆ ವಾಸಿ ಆಗುವುದಿಲ್ಲ. ಅದರ ಮೇಲೆ, ಬಸಿರಿನಲ್ಲಿ ಕಾಲು, ಕೈ, ಮುಖದಲ್ಲಿ ತುಂಬಿಕೊಂಡಿದ್ದ ನೀರೆಲ್ಲ ಹೆರಿಗೆ ಆದ ಮೇಲೆ ರಕ್ತಕ್ಕೆ ವಾಪಸ್ ಬರುತ್ತದೆ. ಹೀಗಾಗಿ ಹೆರಿಗೆ ಆದ ತಕ್ಷಣ ಇಳಿದ ಬಿಪಿ, ಮೂರರಿಂದ ಆರನೇ ದಿನದ ನಡುವೆ ಮತ್ತೆ ಏರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ನಾರ್ಮಲ್ ಹೆರಿಗೆಗೆ ಕನಿಷ್ಠ 48 ಗಂಟೆ ಇರಬೇಕು ಎಂಬ ಲೆಕ್ಕ. ಅಂದರೆ ಬಿಪಿ ಏರುವ ಹೊತ್ತಿಗೆ ಸರಿಯಾಗಿ ಬಾಣಂತಿ ತವರಿನ ಕತ್ತಲೆ ಕೋಣೆಯಲ್ಲಿ ಮಲಗಿರುತ್ತಾಳೆ. ಅಲ್ಲಿ ಬಿಪಿ ನೋಡುವವರು ಯಾರೂ ಇರುವುದಿಲ್ಲ. ಹೆರಿಗೆ ಆದ ಆರು ವಾರದವರೆಗೂ ಈ ಫಿಟ್ಸ್ ಬರುವ ಸಾಧ್ಯತೆ ಇದೆ. ಬಸಿರಿನಲ್ಲಿ ಒಂದು ದಿನವೂ ಬಿಪಿ ಇರದವಳಿಗೂ ಬರಬಹುದು.

ತಲೆನೋವು ಎಂದರೆ ನಮ್ಮ ಜನ ‘ಶೀತ’ ಎನ್ನುತ್ತಾರೆ. ನಿಮ್ಮ ತಾಯಿಯನ್ನು ನಾನು ದೂರುತ್ತಿಲ್ಲ, ಅವರಿಗೆ ಗೊತ್ತಿದ್ದನ್ನು ಪ್ರೀತಿಯಿಂದ ಮಾಡಿದ್ದಾರೆ. ಆದರೆ ಆ ಶೀತದ ಮಾತ್ರೆ ಬಗ್ಗೆ ಹೇಳಲೇಬೇಕು. ಮೂಗು ಕಟ್ಟಿದ್ದನ್ನು ಬಿಡಿಸುವ ಮಾತ್ರೆಗಳಲ್ಲಿ ಫೀನೈಲ್‌ಎಫ್ರಿನ್‌ನಂಥ ಔಷಧಿ ಇರುತ್ತದೆ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬಿಪಿ ಏರುತ್ತಿರುವ ಬಾಣಂತಿಗೆ ಅದು ಬೇಡವೇ ಬೇಡ. ನಿಮ್ಮ ತಂಗಿಗೆ ಫಿಟ್ಸ್ ಬಂದದ್ದು ಅದರಿಂದಲೇ ಎಂದು ನಾನು ಹೇಳುವುದಿಲ್ಲ. ಹಾಲು ಬತ್ತಿಸಲು ಕೊಡುವ ಬ್ರೋಮೋಕ್ರಿಪ್ಟಿನ್ ಮಾತ್ರೆಯೂ ಹಾಗೇ, ಬಿಪಿ ಇರುವವರಿಗೆ ಅಪಾಯ.

ನಮ್ಮ ಕೋಲಾರ ಜಿಲ್ಲೆಯಲ್ಲಿ ತಲೆನೋವು, ತಲನೊಪ್ಪಿ, ತಲೈವಲಿ ಎಂದು ಮೂರು ಭಾಷೆಯಲ್ಲಿ ಒಂದೇ ದೂರು ಕೇಳುತ್ತೇನೆ. ಮುಳಬಾಗಿಲಿನಿಂದ ಬಂದರೂ ಕೆಜಿಎಫ್‌ನಿಂದ ಬಂದರೂ ನಾನು ಮೊದಲು ಕೇಳುವುದು ಒಂದೇ: ಹೆರಿಗೆ ಆಗಿ ಎಷ್ಟು ದಿನ ಆಯಿತು? ಆಮೇಲೆ ತೋಳಿಗೆ ಬಿಪಿ ಪಟ್ಟಿ ಕಟ್ಟುತ್ತೇನೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಬಾಣಂತಿಯನ್ನು ಆರನೇ ದಿನ ಕರೆತಂದಿದ್ದರು. ಮೂರು ದಿನದಿಂದ ತಲೆನೋವಂತೆ. ಯಂತ್ರ ಕಟ್ಟಿಸಿದ್ದರು, ನೀವಳಿಸಿದ್ದರು. ನಮ್ಮ ಹತ್ತಿರ ಬಂದಾಗ ಒಂದು ಕೈ, ಒಂದು ಕಾಲು ಬಿದ್ದುಹೋಗಿತ್ತು, ಮಾತಿರಲಿಲ್ಲ. ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತು. ಅವಳು ಉಳಿಯಲಿಲ್ಲ. ಆ ಮಗುವನ್ನು ಎತ್ತಿಕೊಂಡು ಅವಳ ತಾಯಿ ಕಾರಿಡಾರಿನಲ್ಲಿ ಕೂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಸಿರಿನ ಬಿಪಿಯಲ್ಲಿ ತಾಯಂದಿರನ್ನು ಕೊಲ್ಲುವ ಮುಖ್ಯ ಕಾರಣಗಳಲ್ಲಿ ಈ ರಕ್ತಸ್ರಾವ ಒಂದು. ಮೇಲಿನ ಬಿಪಿ 160 ಅಥವಾ ಕೆಳಗಿನದು 110 ದಾಟಿ ಅಲ್ಲೇ ನಿಂತರೆ, ಒಂದು ಗಂಟೆಯೊಳಗೆ ಇಳಿಸುವ ಔಷಧಿ ಹೊಟ್ಟೆಗೋ ನರಕ್ಕೋ ಹೋಗಿರಬೇಕು. ‘ನಾಳೆ ಬೆಳಗ್ಗೆ ನೋಡೋಣ’ ಎನ್ನುವ ಬಿಪಿ ಅದಲ್ಲ.

ಇನ್ನು ‘ಬಾಣಂತಿ ಸನ್ನಿ’ ವಿಷಯ. ಈ ಪದವನ್ನು ನಾನು ತಾತ್ಸಾರ ಮಾಡುವುದಿಲ್ಲ. ಹೆರಿಗೆ ಆದ ಮೇಲೆ ತಲೆಗೆ ಏನೋ ಆಗುತ್ತದೆ, ಅದು ಪ್ರಾಣಕ್ಕೆ ಬರುತ್ತದೆ ಎಂದು ನಮ್ಮ ಅಜ್ಜಿಯರು ಕಂಡುಕೊಂಡಿದ್ದರು. ತೊಂದರೆ ಏನೆಂದರೆ ಆ ಒಂದೇ ಹೆಸರಿನ ಕೆಳಗೆ ನಾಲ್ಕೈದು ಬೇರೆ ಬೇರೆ ಕಾಯಿಲೆ ಸೇರಿಕೊಂಡಿವೆ. ಮದ್ದು ಒಂದೊಂದಕ್ಕೂ ಬೇರೆ. ನಿಮ್ಮ ತಂಗಿಗೆ ಆದ ಬಿಪಿಯ ಫಿಟ್ಸ್ ಒಂದು. ಗರ್ಭಕೋಶಕ್ಕೆ ಸೋಂಕು ತಗುಲಿ ಜ್ವರ ತಲೆಗೇರಿ ಬಡಬಡಿಸುವುದು ಇನ್ನೊಂದು. ಬಿಪಿಯೂ ಇಲ್ಲ, ಜ್ವರವೂ ಇಲ್ಲ, ಆದರೆ ನಿದ್ದೆ ಬಿಟ್ಟು, ಅನುಮಾನ ಪಟ್ಟು, ಮಗುವನ್ನೇ ದೂರ ತಳ್ಳುವ ಮನಸ್ಸಿನ ಕಾಯಿಲೆ ಮತ್ತೊಂದು. ಅದಕ್ಕೂ ಒಳ್ಳೆಯ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂಥ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡೇ ಇದೆ. ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಕೊಟ್ಟಿದ್ದರೆ ಎದ್ದು ಕೂತಾಗ ಜಾಸ್ತಿ ಆಗಿ ಮಲಗಿದಾಗ ಕಡಿಮೆ ಆಗುವ ತಲೆನೋವೂ ಬರುತ್ತದೆ, ಅದನ್ನೂ ಡಾಕ್ಟರೇ ನೋಡಿ ಹೇಳಬೇಕು.

ಇವೆಲ್ಲದರ ನಡುವೆ ನನಗೆ ಜಾಸ್ತಿ ಭಯ ಇರುವುದು ಮೆದುಳಿನಿಂದ ರಕ್ತ ವಾಪಸ್ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟುವುದರ ಬಗ್ಗೆ. ಬಸಿರಿನ ಕೊನೆಗೆ, ಬಾಣಂತನದ ಮೊದಲ ವಾರಗಳಲ್ಲಿ ಹೆಣ್ಣಿನ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗಬಾರದು ಎಂದು ದೇಹವೇ ಮಾಡಿಕೊಂಡ ಏರ್ಪಾಡು ಅದು. ಅಂಥ ಹೊತ್ತಿನಲ್ಲಿ ನಾವೇನು ಮಾಡುತ್ತೇವೆ? ‘ನೀರು ಕುಡಿದರೆ ಹೊಟ್ಟೆ ಬರುತ್ತೆ, ಮಗುವಿಗೆ ಶೀತ ಆಗುತ್ತೆ’ ಎಂದು ಬಾಣಂತಿಗೆ ನೀರು ಕೊಡುವುದಿಲ್ಲ. ಇಡೀ ದಿನಕ್ಕೆ ಒಂದು ಲೋಟ ಬಿಸಿನೀರು ಲೆಕ್ಕ ಹಾಕಿ ಕೊಡುವ ಮನೆಗಳನ್ನು ನೋಡಿದ್ದೇನೆ. ಒಂದು ಕಡೆ ಮಗು ಹಾಲು ಕುಡಿಯುತ್ತಿದೆ, ಇನ್ನೊಂದು ಕಡೆ ಬಿಸಿ ಕೋಣೆಯಲ್ಲಿ ಬೆವರು, ಒಳಗೆ ನೀರಿಲ್ಲ. ನೀರು ಕಡಿಮೆಯಾದಷ್ಟೂ ರಕ್ತ ಹೆಪ್ಪುಗಟ್ಟುವ ಭಯ ಜಾಸ್ತಿ. ಆ ಹೆಪ್ಪಿನಿಂದಲೂ ತಲೆನೋವು, ವಾಂತಿ, ಫಿಟ್ಸ್ ಬರುತ್ತದೆ, ಒಂದು ಕಡೆಯ ಕೈಕಾಲು ಸೋಲುತ್ತದೆ. ಬಿಪಿಯ ಫಿಟ್ಸ್ ಮತ್ತು ಇದನ್ನು ಹೊರಗಿನಿಂದ ನೋಡಿ ಬೇರೆ ಮಾಡುವುದು ಕಷ್ಟ. ಮದ್ದು ಮಾತ್ರ ಪೂರ್ತಿ ಬೇರೆ, ಇದಕ್ಕೆ ರಕ್ತ ತೆಳು ಮಾಡುವ ಹೆಪಾರಿನ್ ಬೇಕು. ನಿಮ್ಮ ತಂಗಿಗೆ ಎಂಆರ್‌ಐ ಜೊತೆ ರಕ್ತನಾಳದ ಸ್ಕ್ಯಾನ್ ಕೂಡ ಮಾಡಿ ‘ಹೆಪ್ಪು ಇಲ್ಲ’ ಎಂದು ಬರೆದದ್ದು ಅದಕ್ಕೇ. ಒಳ್ಳೆಯ ಕೆಲಸ ಮಾಡಿದ್ದಾರೆ.

ನಿಮ್ಮ ತಾಯಿಗೆ ಹೇಳಿ: ಕಿವಿಗೆ ಹತ್ತಿ ಇಡಲಿ, ತಲೆಗೆ ಬಟ್ಟೆ ಕಟ್ಟಲಿ, ಮೆಣಸಿನ ಸಾರು ಮಾಡಲಿ, ನನ್ನದೇನೂ ತಕರಾರಿಲ್ಲ. ನೀರು ಮಾತ್ರ ಬಾಯಾರಿದಷ್ಟು ಕೊಡಲಿ. ಸಾಂಬ್ರಾಣಿ ಹೊಗೆಯನ್ನು ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ತುಂಬಬೇಡಿ. ದಿನಕ್ಕೆ ನಾಲ್ಕು ಸಲ ಎದ್ದು ಓಡಾಡಲಿ.

ಸೊಂಟದ ಎರಡೂ ಕಡೆ ಕೊಟ್ಟ ಇಂಜೆಕ್ಷನ್ ಮೆಗ್ನೀಸಿಯಂ ಸಲ್ಫೇಟ್. ಒಂದೊಂದು ಕಡೆಗೆ 5 ಗ್ರಾಂ. ತುಂಬಾ ನೋಯುತ್ತದೆ, ಮೈಯೆಲ್ಲ ಬಿಸಿ ಹಬ್ಬಿದ ಹಾಗಾಗುತ್ತದೆ. ಆದರೆ ಬಿಪಿಯ ಫಿಟ್ಸ್‌ಗೆ ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ. 1995ರಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳ ಸುಮಾರು 1,700 ತಾಯಂದಿರ ಮೇಲೆ ನಡೆದ ಪರೀಕ್ಷೆಯಲ್ಲಿ ಇದು ಗೊತ್ತಾಯಿತು. ಮಾಮೂಲಿ ಫಿಟ್ಸ್‌ಗೆ ಕೊಡುವ ಡಯಾಜೆಪಾಮ್‌ಗೆ ಹೋಲಿಸಿದರೆ ಮೆಗ್ನೀಸಿಯಂ ಕೊಟ್ಟವರಲ್ಲಿ ಫಿಟ್ಸ್ ಮತ್ತೆ ಬರುವುದು ಅರ್ಧಕ್ಕೂ ಕಡಿಮೆಯಾಯಿತು. ಫಿಟ್ಸ್‌ನ ಇನ್ನೊಂದು ಔಷಧಿ ಫಿನಿಟಾಯಿನ್‌ಗೆ ಹೋಲಿಸಿದರೆ ಇನ್ನೂ ಕಡಿಮೆ. 2002ರ ಇನ್ನೊಂದು ಪರೀಕ್ಷೆಯಲ್ಲಿ 10,000ಕ್ಕೂ ಜಾಸ್ತಿ ತಾಯಂದಿರಿದ್ದರು. ಫಿಟ್ಸ್ ಬರುವ ಮೊದಲೇ ಇದನ್ನು ಕೊಟ್ಟರೆ, ಬರುವ ಸಾಧ್ಯತೆಯೂ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು ಅದರಲ್ಲಿ ತಿಳಿಯಿತು. ಈ ಔಷಧಿ ಜಾಸ್ತಿಯಾದರೆ ಉಸಿರು ನಿಧಾನವಾಗುತ್ತದೆ. ಅದಕ್ಕೇ ನರ್ಸ್ ಪದೇ ಪದೇ ಬಂದು ಮೊಣಕಾಲಿಗೆ ತಟ್ಟಿ ನೋಡುತ್ತಾರೆ, ಉಸಿರು ಎಣಿಸುತ್ತಾರೆ, ಮೂತ್ರ ಅಳೆಯುತ್ತಾರೆ. ಜಾಸ್ತಿಯಾಗಿದ್ದರೆ ಇಳಿಸಲು ಕ್ಯಾಲ್ಸಿಯಂ ಗ್ಲುಕೊನೇಟ್ ಪಕ್ಕದಲ್ಲೇ ಇರುತ್ತದೆ. ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲೇ ಈ ಮೊದಲ ಡೋಸ್ ಕೊಟ್ಟುಬಿಡಬೇಕು ಎಂಬ ನಿಯಮ ಇದೆ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಸುಮಾರು 25 ಕಿಲೋಮೀಟರ್. ಆ ದಾರಿಯಲ್ಲಿ ಮೂರನೇ ಸಲ ಫಿಟ್ಸ್ ಬರದಿದ್ದುದಕ್ಕೆ ಆ ಎರಡು ಇಂಜೆಕ್ಷನ್ನೇ ಕಾರಣ ಎಂದು ನನ್ನ ನಂಬಿಕೆ. ಕೊಟ್ಟವರಿಗೆ ಒಂದು ದಿನ ಹೋಗಿ ಹೇಳಿ ಬನ್ನಿ, ಅವರಿಗೆ ಖುಷಿಯಾಗುತ್ತದೆ.

ಯಾರಿಗಾದರೂ ಕಣ್ಣೆದುರು ಫಿಟ್ಸ್ ಬಂದರೆ ಎಡಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಇದರಿಂದ ಹೊತ್ತು ಹೋಗುತ್ತದೆ ಅಷ್ಟೇ. ಅದುಮಿ ಹಿಡಿಯಬೇಡಿ. 108ಕ್ಕೆ ಫೋನ್ ಮಾಡಿ ‘ಬಾಣಂತಿ, ಫಿಟ್ಸ್ ಬಂದಿದೆ’ ಎಂಬ ಎರಡೂ ಮಾತು ಹೇಳಿ. ‘ಫಿಟ್ಸ್’ ಎಂದಷ್ಟೇ ಹೇಳಿದರೆ ಮೆಗ್ನೀಸಿಯಂ ನೆನಪಾಗದೇ ಹೋಗಬಹುದು.

ಫಿಟ್ಸ್ ಬರುವ ತನಕ ಕಾಯುವುದೇ ಬೇಡ. ಪ್ಯಾರಾಸಿಟಮಾಲ್‌ಗೆ ಜಗ್ಗದ ತಲೆನೋವು, ಕಣ್ಣು ಮಂಜು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ವಾಂತಿ, ಏದುಸಿರು, ಮುಖ ಊದಿಕೊಳ್ಳುವುದು, ಮಂಕಾಗಿ ಮಾತು ತಡವರಿಸುವುದು, ಇವುಗಳಲ್ಲಿ ಒಂದೇ ಇದ್ದರೂ ಅದೇ ದಿನ, ಅದೇ ಗಂಟೆ ಬಿಪಿ ನೋಡಿಸಿ. ತಲೆ ಸಿಡಿದ ಹಾಗೆ ಒಂದೇ ನಿಮಿಷದಲ್ಲಿ ಏರಿದ ತಲೆನೋವಾದರೆ, ಬಿಪಿ ಸರಿ ಇದ್ದರೂ ಆಸ್ಪತ್ರೆಗೆ ಹೋಗಿ. ಹೆರಿಗೆ ಆದ ಮೇಲೆ ಮೆದುಳಿನ ರಕ್ತನಾಳಗಳು ಹಾಗೇ ಹಿಂಡಿಕೊಳ್ಳುವ ಇನ್ನೊಂದು ತೊಂದರೆಯೂ ಇದೆ. ಆಶಾ ಅಕ್ಕ ಮಗುವನ್ನು ನೋಡಲು ಮೂರನೇ ದಿನ, ಏಳನೇ ದಿನ ಮನೆಗೆ ಬರುತ್ತಾರಲ್ಲ, ಆಗ ತಾಯಿಯ ಬಿಪಿ ಬಗ್ಗೆಯೂ ಕೇಳಿ. ಅವರ ಹತ್ತಿರ ಮಿಷನ್ ಇರದಿದ್ದರೆ ಉಪಕೇಂದ್ರದಿಂದ ಸಿಸ್ಟರನ್ನು ಕರೆಸಿ. ಸೂತಕ, ಹೊಸ್ತಿಲು ದಾಟಬಾರದು ಎಂಬುದೆಲ್ಲ ಈ ಒಂದು ಕೆಲಸಕ್ಕೆ ಅಡ್ಡ ಬರದಿರಲಿ.

ಈಗ ಮಾತ್ರೆಗಳ ವಿಷಯ. ಜೀವನ ಪೂರ್ತಿ ಬೇಕಾಗುವುದಿಲ್ಲ ಎಂದೇ ನನ್ನ ಅಂದಾಜು. ಎಕ್ಲಾಂಪ್ಸಿಯಾದಲ್ಲಿ ಬಹಳಷ್ಟು ಜನಕ್ಕೆ ಫಿಟ್ಸ್ ಮಾತ್ರೆಯನ್ನು ಕೆಲವು ವಾರ ಅಥವಾ ತಿಂಗಳಲ್ಲಿ ನಿಲ್ಲಿಸುತ್ತೇವೆ, ಎಷ್ಟೋ ಜನಕ್ಕೆ ಶುರು ಮಾಡುವುದೇ ಇಲ್ಲ. ಆದರೆ ನೀವೇ ನಿಲ್ಲಿಸಬೇಡಿ. ನರರೋಗ ತಜ್ಞರು ಒಂದು ಸಲ ನೋಡಿ ಹೇಳಲಿ. ಬಿಪಿ ಮಾತ್ರೆಯನ್ನು ಬಿಪಿ ನೋಡಿಕೊಂಡು ಮೆಲ್ಲಗೆ ಇಳಿಸುತ್ತಾರೆ. ಹೆರಿಗೆಯಾಗಿ 12 ವಾರ ಕಳೆದ ಮೇಲೂ ಬಿಪಿ ಏರಿಯೇ ಇದ್ದರೆ, ಅದು ಬಸಿರಿನದಲ್ಲ, ಮೊದಲೇ ಇದ್ದದ್ದು ಎಂದು ಬೇರೆ ಪರೀಕ್ಷೆ ಮಾಡಬೇಕಾಗುತ್ತದೆ. ಹಾಲು ಬಿಡಿಸಬೇಡಿ. ಬಾಣಂತಿಯರಿಗೆ ಸಾಮಾನ್ಯವಾಗಿ ಕೊಡುವ ನಿಫೆಡಿಪಿನ್, ಲಾಬೆಟಲಾಲ್, ಎನಾಲಾಪ್ರಿಲ್ ಇವುಗಳಿಗೂ ಹಾಲೂಡಿಸುವುದಕ್ಕೂ ಜಗಳ ಇಲ್ಲ. ಎನಾಲಾಪ್ರಿಲ್ ಆಗಿದ್ದರೆ ಮುಂದಿನ ಬಸಿರಿನ ಮೊದಲು ಬದಲಾಯಿಸಬೇಕು, ಅದು ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ.

ಇನ್ನೊಂದು ಮಗು ಖಂಡಿತ ಆಗಬಹುದು. ಒಂದೂವರೆ ಎರಡು ವರ್ಷವಾದರೂ ಬಿಡುವು ಕೊಡಿ. ಅಲ್ಲಿಯವರೆಗೆ ಕಾಪರ್ ಟಿ ಹಾಕಿಸಿಕೊಳ್ಳಬಹುದು. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಬಿಪಿ ಇರುವವರಿಗೆ ಬೇಡ. ಮುಂದಿನ ಸಲ ಪ್ರೀಎಕ್ಲಾಂಪ್ಸಿಯಾ ಮತ್ತೆ ಬರುವುದು ಸುಮಾರು ಆರರಲ್ಲಿ ಒಬ್ಬರಿಗೆ. ಫಿಟ್ಸ್ ಮತ್ತೆ ಬರುವುದು ನೂರರಲ್ಲಿ ಇಬ್ಬರಿಗೆ, ಅಷ್ಟೇ. ಮುಟ್ಟು ನಿಂತ ಕೂಡಲೇ ಡಾಕ್ಟರ ಹತ್ತಿರ ಹೋಗಿ ಹಿಂದಿನ ಕತೆ ಹೇಳಲಿ. 12 ವಾರದಿಂದ, 16 ವಾರ ಆಗುವುದರೊಳಗೆ, ಸಣ್ಣ ಡೋಸಿನ ಆಸ್ಪಿರಿನ್ ಶುರು ಮಾಡುತ್ತಾರೆ. ರಾತ್ರಿ ಒಂದು ಮಾತ್ರೆ. ತುಂಬಾ ಅಗ್ಗ. 2017ರ ಒಂದು ದೊಡ್ಡ ಪರೀಕ್ಷೆಯಲ್ಲಿ, ಅಪಾಯ ಜಾಸ್ತಿ ಇರುವ ತಾಯಂದಿರಿಗೆ ದಿನಕ್ಕೆ 150 ಮಿಲಿಗ್ರಾಂ ಕೊಟ್ಟಾಗ, 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಪ್ರೀಎಕ್ಲಾಂಪ್ಸಿಯಾ 62 ಶೇಕಡಾ ಕಡಿಮೆಯಾಯಿತು. ಜೊತೆಗೆ ಕ್ಯಾಲ್ಸಿಯಂ. ಸರ್ಕಾರದಿಂದ 14ನೇ ವಾರದಿಂದ ದಿನಕ್ಕೆ ಎರಡು, 500 ಮಿಲಿಗ್ರಾಂನ ಮಾತ್ರೆ ಕೊಡುತ್ತಾರೆ. ನಮ್ಮ ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಮುದ್ದೆ ಊಟ ಬಿಡಬೇಡಿ, ಮುದ್ದೆ ತಿಂತೀನಿ ಎಂದು ಮಾತ್ರೆಯನ್ನೂ ಬಿಡಬೇಡಿ. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಯ ನಡುವೆ ಎರಡು ಗಂಟೆ ಬಿಡುವು ಇರಲಿ. ಉಪ್ಪು ಪೂರ್ತಿ ಬಿಟ್ಟರೆ ಈ ಕಾಯಿಲೆ ಬರುವುದಿಲ್ಲ ಎನ್ನುವುದು ಸುಳ್ಳು, ಸಪ್ಪೆ ಊಟದ ಶಿಕ್ಷೆ ಬೇಡ.

ಮಗು ದೊಡ್ಡದಾದ ಮೇಲೂ ವರ್ಷಕ್ಕೊಮ್ಮೆ ಬಿಪಿ ನೋಡಿಸುವುದನ್ನು ನಿಮ್ಮ ತಂಗಿ ಮರೆಯಬಾರದು. ಈ ಕಾಯಿಲೆ ಬಂದು ಹೋದ ಹೆಂಗಸರಿಗೆ ಮುಂದೆ ಹೃದಯದ ತೊಂದರೆ, ಪಾರ್ಶ್ವವಾಯು ಬರುವ ಸಾಧ್ಯತೆ ಬೇರೆಯವರ ಸುಮಾರು ಎರಡರಷ್ಟು. ಬಿಪಿ ಕಾಯಿಲೆ ಬರುವ ಸಾಧ್ಯತೆ ಮೂರುನಾಲ್ಕು ಪಟ್ಟು. 35ನೇ ವಯಸ್ಸಿಗೆ ಯಾವುದೋ ಡಾಕ್ಟರ್ ‘ಹೆರಿಗೆಯಲ್ಲಿ ಬಿಪಿ ಇತ್ತಾ’ ಎಂದು ಕೇಳದೇ ಹೋಗಬಹುದು, ಅವಳೇ ಹೇಳಬೇಕು. ಡಿಸ್ಚಾರ್ಜ್ ಕಾಗದ, ಎಂಆರ್‌ಐ ರಿಪೋರ್ಟ್, ತಾಯಿ ಕಾರ್ಡ್ ಮೂರನ್ನೂ ಒಂದು ಕವರಿನಲ್ಲಿ ಹಾಕಿ ಪಹಣಿ ಪತ್ರ ಇಡುವ ಪೆಟ್ಟಿಗೆಯಲ್ಲಿ ಇಡಿ. ಅತ್ತೆ ಮನೆಗೆ ಹೋಗುವಾಗ ಒಂದು ಜೆರಾಕ್ಸ್ ಅವಳ ಜೊತೆ ಹೋಗಲಿ.

ಕೊನೆಗೆ ನಿಮ್ಮ ವಿಷಯ. ತಾಯಿಗೋ ಅಕ್ಕತಂಗಿಗೋ ಈ ಕಾಯಿಲೆ ಬಂದಿದ್ದರೆ ಉಳಿದ ಹೆಣ್ಣುಮಕ್ಕಳಿಗೂ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ನಿಮ್ಮ ಮೊದಲ ಹೆರಿಗೆ ತೊಂದರೆ ಇಲ್ಲದೆ ಆಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ, ಹೆದರಿ ಯೋಚನೆ ಬಿಡುವ ಅಗತ್ಯ ಇಲ್ಲ. ಈಗಲೇ ಒಂದು ಸಲ ಬಿಪಿ ನೋಡಿಸಿ, ಬಸಿರಿಲ್ಲದಾಗ ನಿಮ್ಮದು ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಬಸಿರಾದ ಮೇಲೆ ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರೇ ಬಸುರಿಯರನ್ನು ನೋಡುತ್ತಾರೆ. ಮೊದಲ ದಿನವೇ ತಂಗಿಯ ಆ ಕವರನ್ನೂ ತೆಗೆದುಕೊಂಡು ಹೋಗಿ.